ಸೌಟು ಮುಟ್ಟಿದ ಲೋಲಾಕ್ಷಿ

ಆ ಕೋಟೆಯೂರಿಗೆ ಹೊರಗಿನವರು ಹೋಗುವ ಹಾಗಿಲ್ಲ, ನೆಂಟರು ಮಾತ್ರ ಹೋಗಬಹುದು. ಇದನ್ನು ನನಗೆ ಹೇಳಿದವರು ನಮ್ಮ ಶಾಲೆಯ ಪಕ್ಕದ ಜಿನಸಿ ಅಂಗಡಿಯವರು. "ನಮಗೆ ಅಲ್ಲಿ ನೆಂಟರು ಯಾರೂ ಇಲ್ವಲ್ಲ ಮಾರಾಯ್ರೆ" ಅಂದೆ. "ಬಾಗಿಲಲ್ಲಿ ಕೊಡ್ತಾರೆ" ಅಂದರು. ಚಪ್ಪಲಿ ಇಡಲಿಕ್ಕೆ ಜಾಗ ಕೊಡುತ್ತಾರೆ ಎಂಬಷ್ಟು ಸಲೀಸಾಗಿ ಅಂದುಬಿಟ್ಟು ಬೇಳೆ ತೂಗತೊಡಗಿದರು. ನಾನೂ ತಮಾಷೆ ಇರಬೇಕೆಂದು ಬಿಟ್ಟುಬಿಟ್ಟೆ. ಆಗಲೇ ನಾಲ್ಕು ಮಾತು ಕೇಳಿ ತಿಳಿದುಕೊಂಡಿದ್ದರೆ ಮುಂದಿನ ರಾಮಾಯಣ ಆಗುತ್ತಿರಲಿಲ್ಲ. ಆಗದಿದ್ದರೆ ಬೇಜಾರಾಗುತ್ತಿತ್ತು, ಅದು ಬೇರೆ ಮಾತು.

ನಾವು ಮೂವರು ಒಂದೇ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ನಾನು ವಾರಿಜ, ಮುಖ್ಯ ಅಡುಗೆಯವಳು. ಮುಖ್ಯ ಅಂತ ಕಾಗದದಲ್ಲಿ ಇಲ್ಲದಿದ್ದರೂ ನಾನೇ ಇರುತ್ತಿದ್ದೆ, ನನ್ನ ಸ್ವಭಾವ ಹಾಗೆ. ಇನ್ನೊಬ್ಬರು ಐರಿನ್ ಬಾಯಿ. ಅವರಷ್ಟು ಸಾಧು ಮನುಷ್ಯರು ಈ ಭೂಮಿಯ ಮೇಲೆ ಸಿಕ್ಕಲಿಕ್ಕಿಲ್ಲ, ಕಾಲು ತುಳಿದರೆ ತಾವೇ ಕ್ಷಮೆ ಕೇಳುವವರು. ಮೂರನೆಯವಳು ಲೋಲಾಕ್ಷಿ. ವಯಸ್ಸು ಐವತ್ತೊಂದು. ಆಶ್ರಮದಲ್ಲಿ ಬೆಳೆದವಳು, ಮದುವೆಯಾಗಲಿಲ್ಲ, ಅಕ್ಕಿ ಗಿರಣಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು ಇದ್ದಾಳೆ. ಹಬ್ಬ ಬಂತೆಂದರೆ ನಾನೂ ಐರಿನ್ ಬಾಯಿಯೂ ತವರಿಗೆ ಓಡುತ್ತೇವೆ. ಅವಳು ನಮ್ಮಿಬ್ಬರ ಪಾಲಿನ ಕೆಲಸವನ್ನೂ ಎಳೆದುಕೊಂಡು, "ನೀವು ಹೋಗಿ, ನಂಗೆಲ್ಲಿಗೆ ಹೋಗ್ಲಿಕ್ಕುಂಟು" ಅನ್ನುತ್ತಾಳೆ. ಅದನ್ನೂ ನಗುತ್ತಲೇ ಅನ್ನುತ್ತಾಳೆ. ಅವಳ ನಗುವೆಂದರೆ ಕುಕ್ಕರಿನ ಸೀಟಿ, ಒಮ್ಮೆ ಶುರುವಾದರೆ ಮೂರಕ್ಕೆ ಮೊದಲು ನಿಲ್ಲುವುದಿಲ್ಲ. ಇಪ್ಪತ್ತು ವರ್ಷದಿಂದ ಆ ನಗುವನ್ನು ಕೇಳುತ್ತಾ ಅಕ್ಕಿ ತೊಳೆದಿದ್ದೇನೆ.

ಶಾಲೆಯ ನೀರಿನ ಟ್ಯಾಂಕು ತೊಳೆಯುವುದೆಂದು ಒಂದು ದಿನ ರಜೆ ಕೊಟ್ಟರು. ನಾನು ತಕ್ಷಣ ಪ್ರವಾಸ ಹಾಕಿದೆ. ಕೋಟೆಯೂರಿನಲ್ಲಿ ನೋಡುವುದಕ್ಕೆ ಎಂಟು ಜಾಗ ಎಂದು ತಿಳಿದು, ಒಂದೊಂದಕ್ಕೆ ಎಷ್ಟು ನಿಮಿಷ ಎಂದು ಪಟ್ಟಿ ಮಾಡಿ ಬ್ಯಾಗಿನಲ್ಲಿಟ್ಟುಕೊಂಡೆ. ಬಸ್ಸಿನಲ್ಲಿ ಅದನ್ನು ಓದಿ ಹೇಳಿದಾಗ ಲೋಲಾಕ್ಷಿ, "ಅಕ್ಕಾ, ಮೂತ್ರಕ್ಕೆ ಎಷ್ಟು ನಿಮಿಷ ಬರ್ದಿದ್ದಿ?" ಎಂದು ಕೇಳಿ ಸೀಟಿ ಹಾಕಿದಳು. ಹಿಂದಿನ ಸೀಟಿನವರೂ ನಕ್ಕರು. ನನಗೆ ಸಿಟ್ಟು ಬಂತು, ಆದರೆ ನಗುವೂ ಬಂತು, ಹಾಗಾಗಿ ಸಿಟ್ಟು ತೋರಿಸಲಿಕ್ಕೆ ಆಗಲಿಲ್ಲ.

ಒಂಬತ್ತೂವರೆಗೆ ಬಸ್ಸು ಕೋಟೆಯ ಎದುರು ಇಳಿಸಿತು. ಕೆಂಪುಕಲ್ಲಿನ ಗೋಡೆ ಅಷ್ಟೆತ್ತರ. ಆಚೆ ಸಮುದ್ರ ಇದೆಯೆಂದು ಸದ್ದಿನಿಂದ ಮಾತ್ರ ಗೊತ್ತಾಗಬೇಕು. ಹೆಬ್ಬಾಗಿಲಿನಲ್ಲಿ ಸಾಲು ನಿಂತಿತ್ತು. ಬಾಗಿಲಿನ ಯಜಮಾನರೆಂದರೆ ಕಿವಿಗೆ ದಾರ ಕಟ್ಟಿದ ಕನ್ನಡಕದ ಒಬ್ಬ ಸಣಕಲು ಮನುಷ್ಯ. ಅವರ ಮುಂದೆ ಒಂದು ತಾಮ್ರದ ಕೊಡಪಾನ, ಅದರ ತುಂಬ ಚೀಟಿ. ಒಬ್ಬೊಬ್ಬರೇ ಕೈ ಹಾಕಿ ಎತ್ತಬೇಕು, ಅವರು ಓದಬೇಕು, ಯಾವ ಮನೆಗೆ ಏನು ಸಂಬಂಧ ಎಂದು ಕೂಗಬೇಕು. ಆ ಮನೆಯವರು ಮುಂದೆ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು.

ನಮ್ಮ ಮುಂದೆ ನಾಲ್ಕು ಜನ ಬೈಕಿನ ಹುಡುಗರಿದ್ದರು, ಕಪ್ಪು ಕನ್ನಡಕ, ಹರಿದ ಪ್ಯಾಂಟು. ನಾಲ್ವರಿಗೂ ಒಂದೇ ಮನೆಯ ಹೊಸ ಅಳಿಯಂದಿರ ಚೀಟಿ ಬಂತು. ಅತ್ತೆ ಎನ್ನಿಸಿಕೊಂಡ ಹೆಂಗಸು ಸೆರಗು ಎಳೆದುಕೊಂಡು ಆರತಿ ತಟ್ಟೆಯೊಂದಿಗೆ ಓಡಿ ಬಂದರು. ಅವರ ಹಿಂದೆ ಮಿಲಿಟರಿ ಮೀಸೆಯ ಒಬ್ಬ ಗಂಡಸು. ಯಜಮಾನರು ಚೀಟಿ ಓದಿದರು: "ಬಾಣಂತನಕ್ಕೆ ಬಂದ ಮಗಳು." ಆ ಗಂಡಸು, "ಸ್ವಾಮೀ, ಇದು ಸರಿ ಉಂಟಾ ನೋಡಿ" ಅಂದರು. "ಬಾಗಿಲು ಮೀಸೆ ನೋಡುವುದಿಲ್ಲ" ಅಂದರು ಯಜಮಾನರು. ಇಬ್ಬರು ಮುದುಕಿಯರು ಬಂದು, "ಗಾಳಿಗೆ ನಿಲ್ಲಬೇಡ ಮಗಾ" ಎನ್ನುತ್ತಾ ಅವರ ತಲೆಗೆ ಬಟ್ಟೆ ಸುತ್ತಿ ನಡೆಸಿಕೊಂಡು ಹೋದರು. ಲೋಲಾಕ್ಷಿ ನನ್ನ ಭುಜಕ್ಕೆ ಮುಖ ಒತ್ತಿಕೊಂಡು ನಡುಗುತ್ತಿದ್ದಳು, ನಗುವಿಗೆ.

ನಮ್ಮ ಮೂವರಿಗೂ ಒಂದೇ ಮನೆ ಬಂತು, ದುಗ್ಗಮ್ಮನ ಮನೆ. ನನಗೆ ಬಂದದ್ದು ಬೀಗಿತ್ತಿ, ಗಂಡಿನ ಕಡೆಯವಳು. ಐರಿನ್ ಬಾಯಿಗೆ ಬಂದದ್ದು ದುಗ್ಗಮ್ಮನ ನಾದಿನಿ, ಮುನಿಸಿಕೊಂಡು ಹೋದವಳು. ಲೋಲಾಕ್ಷಿಗೆ ದುಗ್ಗಮ್ಮನ ಚಿಕ್ಕಮ್ಮನ ಮೊಮ್ಮಗಳು. "ಇಲ್ಲಿಯೂ ನಾನು ಮೂಲೆಗೇ" ಎಂದು ಅವಳು ನಕ್ಕಳು. ಯಜಮಾನರು ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿ ಎರಡೇ ಮಾತು ಹೇಳಿದರು. ಸಂಜೆ ಸೂರ್ಯ ಮುಳುಗುವಾಗ ಕೊತ್ತಲದ ಮೇಲೆ ತೋಪು ಹಾರಿಸುತ್ತಾರೆ, ಅದಕ್ಕೆ ಮೊದಲು ನೆಂಟರು ಹೊರಗಿರಬೇಕು, ಆಮೇಲೆ ಒಳಗುಳಿದವರು ಊರಿನವರೇ. ಇನ್ನೊಂದು, ಏನು ಬೇಕಾದರೂ ಮಾಡಿ, ಸೌಟು ಮುಟ್ಟಬೇಡಿ. ಸೌಟು ಮುಟ್ಟಿದ ಹೆಂಗಸು ನೆಂಟಳಲ್ಲ, ಮನೆಮಗಳು. ಮನೆಮಗಳಿಗೆ ಈ ಬಾಗಿಲು ದಾಟಿಸುವುದಿಲ್ಲ.

"ಸೌಟಾ?" ಎಂದೆ. "ನಾವು ಸೌಟಿನಿಂದ ತಪ್ಪಿಸಿಕೊಂಡು ಬಂದವರು. ಇವತ್ತು ಯಾರು ಕಾಲು ಹಿಡಿದರೂ ಮುಟ್ಟುವುದಿಲ್ಲ." ಮೂವರೂ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದೆವು.

ದುಗ್ಗಮ್ಮ ಎಪ್ಪತ್ತು ದಾಟಿದವರು, ಕುಳ್ಳಗೆ ಗಟ್ಟಿಯಾಗಿ ಒರಳುಕಲ್ಲಿನ ಹಾಗಿದ್ದರು. ಅವರೊಂದಿಗೆ ಮಗ ನರಹರಿ, ಸೊಸೆ ಮಂಗಳಾ. ನನ್ನನ್ನು ಕಂಡದ್ದೇ ನರಹರಿ ಚಪ್ಪಲಿ ಬಿಟ್ಟು ಕೈಮುಗಿದ. ಮಂಗಳಾ ಕಾಲಿಗೆ ನೀರು ಕೊಟ್ಟಳು, ಕೊಟ್ಟದ್ದಲ್ಲ, ತಾನೇ ತೊಳೆದಳು. ನನ್ನ ಸ್ವಂತ ಸೊಸೆ ನನಗೆ ಒಂದು ಲೋಟ ನೀರು ಕೊಡಬೇಕಾದರೆ ಟೀವಿಯಲ್ಲಿ ಜಾಹೀರಾತು ಬರಬೇಕು. ಉಯ್ಯಾಲೆಯ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಬೆಲ್ಲ ನೀರು ಕೊಟ್ಟರು. "ಬೀಗಿತ್ತಿಯವರೇ, ನಮ್ಮಿಂದ ಏನಾದ್ರೂ ಕಮ್ಮಿ ಆದ್ರೆ ಮನಸ್ಸಿಗೆ ಹಚ್ಕೊಳ್ಬೇಡಿ" ಎಂದು ದುಗ್ಗಮ್ಮ ಅಂದಾಗ ನಾನು ಗಂಭೀರವಾಗಿ ತಲೆಯಾಡಿಸಿದೆ. ಈ ಮನೆಯ ಮಗಳು ಯಾರು, ಅವಳನ್ನು ನಮ್ಮ ಮನೆಗೆ ಯಾವಾಗ ಕೊಟ್ಟಿರಿ ಎಂದು ಕೇಳಿದೆ. ಮಗಳೇ ಇಲ್ಲವಂತೆ. ಒಬ್ಬನೇ ಮಗ. "ಹೆಣ್ಣಿಲ್ಲದೆ ಬೀಗತನ ಹೇಗೆ?" ಎಂದರೆ, "ಚೀಟಿ ಬಂದ ಮೇಲೆ ಕೇಳುವ ಹಾಗಿಲ್ಲ" ಎಂದು ಇನ್ನೊಂದು ಲೋಟ ಬೆಲ್ಲ ನೀರು ಕೊಟ್ಟರು. ನನ್ನ ಪಟ್ಟಿಯ ಪ್ರಕಾರ ಆಗ ನಾವು ತೋಪು ನೋಡುತ್ತಿರಬೇಕಿತ್ತು. ಪಟ್ಟಿ ಹಾಳಾಗಿ ಹೋಗಲಿ ಎಂದು ನನಗೆ ಅನ್ನಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಐರಿನ್ ಬಾಯಿಯ ಅವಸ್ಥೆ ನೋಡಬೇಕಿತ್ತು. ಅವರು ಮುನಿಸಿಕೊಳ್ಳಬೇಕು, ಮನೆಯವರು ಓಲೈಸಬೇಕು. ಅವರಿಗೆ ಮುನಿಸು ಬರುವುದೇ ಇಲ್ಲ. ದುಗ್ಗಮ್ಮ ಬಂದು, "ಅಂದು ನಾನು ಆಡಿದ ಮಾತು ತಪ್ಪಾಯ್ತು ಮಾರಾಯ್ತಿ" ಅಂದರೆ ಇವರು, "ಛೇ ಛೇ, ಪರವಾಗಿಲ್ಲ" ಅಂದುಬಿಟ್ಟರು. ದುಗ್ಗಮ್ಮನಿಗೆ ಎಂಥ ನಿರಾಸೆ! ಮುಖವೇ ಇಳಿದುಹೋಯಿತು. ನಾನು ಉಯ್ಯಾಲೆಯಿಂದಲೇ ಕಣ್ಣು ಬಿಟ್ಟೆ. ಐರಿನ್ ಬಾಯಿ ಹೆದರಿ ಗೋಡೆಯ ಕಡೆ ಮುಖ ಮಾಡಿ ಕೂತರು. ಮಂಗಳಾ ಗೋಡಂಬಿ ತಂದಿಟ್ಟಳು, ತಿರುಗಲಿಲ್ಲ. ನರಹರಿ, "ಅತ್ತೇ, ನನ್ನ ಮುಖ ನೋಡಿಯಾದ್ರೂ" ಅಂದ, ತಿರುಗಲಿಲ್ಲ. ಅರ್ಧ ಗಂಟೆಯಲ್ಲಿ ಅವರಿಗೆ ರುಚಿ ಹತ್ತಿತು. ಹಪ್ಪಳ ತಂದಾಗ, "ಇದು ಸುಟ್ಟದ್ದು. ನಂಗೆ ಕರಿದದ್ದು ಬೇಕು" ಎಂದು ಗೋಡೆಗೇ ಹೇಳಿದರು. ಮನೆಯವರ ಮುಖದಲ್ಲಿ ಹಬ್ಬ.

ಅನಾಹುತ ಆದದ್ದು ಊಟದ ಹೊತ್ತಿಗೆ. ಒಳಗೆ ಸೌತೆಕಾಯಿ ಹುಳಿ ಕುದಿಯುತ್ತಿತ್ತು. ಮಂಗಳಾ ಎಲೆ ಕೊಯ್ಯಲು ಹಿತ್ತಲಿಗೆ ಹೋಗಿದ್ದಳು, ದುಗ್ಗಮ್ಮ ನಾದಿನಿಯ ಸೇವೆಯಲ್ಲಿದ್ದರು. ಆಗ ನನ್ನ ಮೂಗಿಗೆ ಬಂತು, ಹುಳಿ ತಳ ಹಿಡಿಯುವ ವಾಸನೆ. ಇನ್ನೂರು ಮಕ್ಕಳಿಗೆ ದಿನಾ ಸಾರು ಕಾಸುವವರಿಗೆ ಆ ವಾಸನೆ ಬೆಂಕಿಯ ಗಂಟೆ ಇದ್ದಂತೆ. ಮೂವರೂ ಒಟ್ಟಿಗೆ ಎದ್ದೆವು. ನನ್ನನ್ನು ನರಹರಿ, "ಬೀಗಿತ್ತಿಯವರು ಏಳುವುದಾ! ನಾವು ಸತ್ತಿದ್ದೇವಾ?" ಎಂದು ಭುಜ ಹಿಡಿದು ಕೂರಿಸಿದ. ಐರಿನ್ ಬಾಯಿಯನ್ನು ದುಗ್ಗಮ್ಮ, "ಎದ್ದು ಹೋಗ್ಬೇಡ, ಕಾಲಿಗೆ ಬೀಳ್ತೇನೆ" ಎಂದು ಅಪ್ಪಿಕೊಂಡರು. ಚಿಕ್ಕಮ್ಮನ ಮೊಮ್ಮಗಳನ್ನು ಹಿಡಿಯುವವರು ಯಾರು? ಲೋಲಾಕ್ಷಿ ನೇರ ಒಳಗೆ ಹೋದಳು. ಸೌಟು ಪಾತ್ರೆಗೆ ತಾಗಿದ ಸದ್ದು ನನಗೆ ಉಯ್ಯಾಲೆಯವರೆಗೆ ಕೇಳಿತು.

ದುಗ್ಗಮ್ಮ ಮೆಲ್ಲನೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಲೋಲಾಕ್ಷಿ ಸೌಟು ಹಿಡಿದುಕೊಂಡೇ ತಿರುಗಿ, "ಒಂಚೂರು ಬೆಲ್ಲ ಬೇಕಿತ್ತು ಇದಕ್ಕೆ" ಅಂದಳು. ಆಮೇಲೆ ತನ್ನ ಕೈ ನೋಡಿಕೊಂಡು, "ಅಯ್ಯೋ ದೇವರೇ" ಅಂದಳು. ದುಗ್ಗಮ್ಮ ಸೊಂಟದ ಮೇಲೆ ಕೈ ಇಟ್ಟರು.

"ಎಲ್ಲಿ ಸತ್ತಿದ್ದಿ ನೀನು ಇಷ್ಟು ಹೊತ್ತು? ಮನೆ ತುಂಬಾ ನೆಂಟರು, ಇವಳಿಗೆ ಈಗ ಬೆಳಗಾಯ್ತು. ಹೋಗು, ಎಲೆ ಹಾಕು. ಕೂದಲು ನೋಡು, ಕಾಗೆ ಗೂಡು."

ಹೀಗೆ ಬೈದರೆ ಯಾರಿಗಾದರೂ ಕೋಪ ಬರಬೇಕು. ಲೋಲಾಕ್ಷಿ ಬಾಯಿ ಅರ್ಧ ತೆರೆದು ನಿಂತಿದ್ದಳು, ಆಮೇಲೆ ಅವಳ ಮುಖ ಅರಳಿತು. "ಹಾಕಿದೆ ಅಮ್ಮಾ" ಎಂದು ಎಲೆ ತರಲು ಓಡಿದಳು. ಅಮ್ಮಾ! ಅಷ್ಟು ಸುಲಭದಲ್ಲಿ ಬಾಯಿಗೆ ಬಂದೇಬಿಟ್ಟಿತು. ನಾನು ಎಲೆಯ ಮುಂದೆ ಕೂತು ಕುದಿಯುತ್ತಿದ್ದೆ. ಒಂದು ದಿನ ಕೂತು ಉಣ್ಣಲಿ ಎಂದು ಕರೆತಂದರೆ ಇಲ್ಲಿಯೂ ಇವಳು ನನಗೆ ಬಡಿಸುವುದು! "ಇನ್ನು ಸ್ವಲ್ಪ ಹಾಕಿಸ್ಕೊಳ್ಳಿ ಅತ್ತೆಯವರೇ" ಎಂದು ಹುಳಿ ಹಿಡಿದು ಬಂದಾಗ, "ನಿನ್ನನ್ನು ಮನೆಗೆ ಹೋದ ಮೇಲೆ ನೋಡಿಕೊಳ್ತೇನೆ" ಅಂದೆ. "ಹೋಗ್ಲಿಕ್ಕೆ ಆದ್ರೆ ಅಲ್ವಾ" ಎಂದು ಸೀಟಿ ಹಾಕಿದಳು. ಹುಳಿ ಮಾತ್ರ ಅಮೃತ. ಬೆಲ್ಲ ಹಾಕಿಬಿಟ್ಟಿದ್ದಳು.

ಊಟವಾದ ಮೇಲೆ ಅವಳ ಕೂದಲಿಗೆ ಎಣ್ಣೆ ಹಾಕುವ ಕಾರ್ಯಕ್ರಮ. ದುಗ್ಗಮ್ಮ ಮೆಟ್ಟಿಲ ಮೇಲೆ ಕೂತು, ಅವಳನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ, ತಲೆ ಎಳೆದೆಳೆದು ಬಾಚಿ ಜಡೆ ಹಾಕಿದರು. ಐವತ್ತೊಂದು ವರ್ಷದ ನರೆಗೂದಲಿಗೆ ಎರಡು ಜಡೆ! "ಅಯ್ಯೋ ಅಮ್ಮಾ, ನೋಯ್ತದೆ" ಎಂದು ಅವಳು ಕಿರುಚುವುದು, "ಅಲುಗಬೇಡ" ಎಂದು ಅವರು ತಲೆಗೆ ಮೊಟಕುವುದು. ಐರಿನ್ ಬಾಯಿ ನನ್ನ ಕಿವಿಯಲ್ಲಿ, "ವಾರಿಜಾ, ಇವಳ ಕೂದಲು ಯಾರಾದ್ರೂ ಬಾಚಿದ್ದು ನೋಡಿದ್ದೀಯಾ?" ಅಂದರು. ನಾನು ನೋಡಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನೂ ಬಾಚಿರಲಿಲ್ಲ.

ಮೂರು ಗಂಟೆಗೆ ದುಗ್ಗಮ್ಮ, "ಮನೆಮಗಳಲ್ವಾ, ನೆಂಟರಿಗೆ ಊರು ತೋರಿಸಿಕೊಂಡು ಬಾ" ಎಂದು ಅವಳನ್ನೇ ನಮ್ಮ ಜೊತೆ ಕಳಿಸಿದರು. ಊರಿಗೆ ನಾವು ಎಷ್ಟು ಹೊಸಬರೋ ಅವಳೂ ಅಷ್ಟೇ. ಆದರೆ ಅವಳಿಗೆ ಎಲ್ಲಿಂದ ಧೈರ್ಯ ಬಂತೋ, ಎರಡು ಜಡೆ ಬೀಸಿಕೊಂಡು ಗೋಡೆಯ ಮೇಲೆ ನಮ್ಮ ಮುಂದೆ ಮುಂದೆ ನಡೆದಳು. "ಇದು ನೋಡಿ, ರಾಣಿ ಹಪ್ಪಳ ಒಣಗಿಸ್ತಿದ್ದ ಕೊತ್ತಲ. ಇದು ಶತ್ರುಗಳ ಮೇಲೆ ಬಿಸಿ ಗಂಜಿ ಸುರೀತಿದ್ದ ಕಿಂಡಿ. ಮೂರು ಸಲ ಮುತ್ತಿಗೆ ಹಾಕಿದ್ರಂತೆ, ಮೂರು ಸಲವೂ ಉಪ್ಪಿನಕಾಯಿ ಕೊಟ್ಟು ಕಳಿಸಿದ್ದು." ನನ್ನ ಪಟ್ಟಿಯಲ್ಲಿ ಆ ಹಪ್ಪಳದ ಕೊತ್ತಲ ಸಿಡಿಮದ್ದಿನ ಕೊಠಡಿ ಎಂದಿತ್ತು. ಹೇಳಿದರೆ, "ನೀವು ಹೊರಗಿನವರು, ನಿಮಗೆ ಗೊತ್ತಿಲ್ಲ" ಅಂದಳು. ಕೋಟೆಯ ಕೆಳಗೆ ಸಮುದ್ರ ಬಂದು ಬಂದು ಗೋಡೆಗೆ ಬಡಿದು ಮುಖಕ್ಕೆ ಹನಿ ಎರಚುತ್ತಿತ್ತು. ಒಂದು ಮನೆಯ ಕಿಟಕಿಯಲ್ಲಿ ಮೀಸೆಯ ಬಾಣಂತಿ ಕಂಡರು, ಎಣ್ಣೆ ಸ್ನಾನವಾಗಿ, ಕೆಂಪಗೆ, ಕಂಬಳಿ ಹೊದ್ದು, ಕಣ್ಣು ಮುಚ್ಚಿ ಸುಖವಾಗಿ ಕಷಾಯ ಕುಡಿಯುತ್ತಿದ್ದರು. ಬೈಕಿನ ಅಳಿಯಂದಿರು ನಾಲ್ವರೂ ಹೋಳಿಗೆ ತಿಂದು ತಿಂದು ಜಗಲಿಯಲ್ಲಿ ಸಾಲಾಗಿ ಮಲಗಿದ್ದರು, ಅತ್ತೆ ಬೀಸಣಿಗೆ ಬೀಸುತ್ತಿದ್ದರು. ನಾವು ಮೂವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊಟ್ಟೆ ನೋಯುವವರೆಗೆ ನಕ್ಕೆವು. ಅಷ್ಟು ನಾನು ನನ್ನ ಮದುವೆಗೆ ಮೊದಲು ಕೂಡ ನಕ್ಕ ನೆನಪಿಲ್ಲ.

ಐದೂವರೆಗೆ ಹೆಬ್ಬಾಗಿಲಿಗೆ ಬಂದೆವು. ದುಗ್ಗಮ್ಮ, ನರಹರಿ, ಮಂಗಳಾ ಮೂವರೂ ಕಳಿಸಿಕೊಡಲು ಬಂದಿದ್ದರು. ಮೊದಲು ಐರಿನ್ ಬಾಯಿ. ದುಗ್ಗಮ್ಮ, "ಇನ್ನಾದ್ರೂ ಮುನಿಸು ಬಿಟ್ಯಾ?" ಅಂದರು. ಐರಿನ್ ಬಾಯಿ ಯೋಚನೆ ಮಾಡಿ, "ಅರ್ಧ ಬಿಟ್ಟಿದ್ದೇನೆ. ಇನ್ನರ್ಧ ಮುಂದಿನ ಸಲಕ್ಕೆ" ಅಂದರು. ಹೋಗಿ ಬಾ ಎಂದು ಹೇಳಿಸಿಕೊಂಡು ಬಾಗಿಲು ದಾಟಿ ಹೊರಗೆ ಹೋಗಿ ಬ್ಯಾಗಿನ ಜೊತೆ ನಿಂತರು. ಆಮೇಲೆ ಲೋಲಾಕ್ಷಿ ಹೋದಳು. ಹೊಸ್ತಿಲು ದಾಟುವುದು ಕಂಡಿತು, ಮರುಕ್ಷಣ ಅವಳು ನಮ್ಮ ಕಡೆಗೆ ಮುಖ ಮಾಡಿ ಅದೇ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಅವಳೇ ಗಾಬರಿಯಾಗಿ ಹಿಂದೆ ನೋಡಿದಳು. ಮತ್ತೊಮ್ಮೆ ಹೋದಳು, ಮತ್ತೆ ಬಂದಳು. ಮೂರನೆಯ ಸಲ ಹಿಮ್ಮುಖವಾಗಿ ನಡೆದು ನೋಡಿದಳು. ಆಗ ಹಿಮ್ಮುಖವಾಗಿಯೇ ಒಳಗೆ ಬಂದು ನರಹರಿಗೆ ಡಿಕ್ಕಿ ಹೊಡೆದಳು. ಹೊರಗಿನಿಂದ ಐರಿನ್ ಬಾಯಿ, "ಎಂತ ಆಟ ಅದು, ಬಸ್ಸು ಬಂತು!" ಎಂದು ಕೂಗುತ್ತಿದ್ದರು. ಲೋಲಾಕ್ಷಿ ನಕ್ಕು ನಕ್ಕು ಕಲ್ಲಿನ ಮೇಲೆ ಕೂತುಬಿಟ್ಟಳು. ನನಗೆ ಆಗ ನಗು ಬರಲಿಲ್ಲ.

ಯಜಮಾನರ ಹತ್ತಿರ ಜಗಳಕ್ಕೆ ನಿಂತೆ. "ಇವಳು ನಮ್ಮ ಜೊತೆ ಬಂದವಳು, ನಮ್ಮ ಜೊತೆ ಹೋಗಬೇಕು." "ಸೌಟು ಮುಟ್ಟಿದ್ದಾರಲ್ಲ ಅಮ್ಮಾ." "ಹುಳಿ ತಳ ಹಿಡೀತಾ ಇತ್ತು ಸ್ವಾಮೀ! ನೋಡಿಕೊಂಡು ಕೂರ್ಲಿಕ್ಕೆ ಆಗ್ತದಾ?" ಅವರಿಗೆ ಪಾಪ, ಅಯ್ಯೋ ಅನ್ನಿಸಿತು. ಆದರೆ ಬಾಗಿಲು ಅವರ ಮಾತು ಕೇಳುವುದಿಲ್ಲವಂತೆ. ಸೂರ್ಯ ಗೋಡೆಯ ಆಚೆ ಇಳಿಯುತ್ತಿದ್ದ, ನೆರಳು ನಮ್ಮ ಕಾಲಿಗೆ ಬಂದಿತ್ತು. ಕೊತ್ತಲದ ಮೇಲೆ ತೋಪಿನವನು ಬಟ್ಟೆಯಿಂದ ತೋಪು ಒರೆಸುತ್ತಿದ್ದ.

ಲೋಲಾಕ್ಷಿ ನಗುವುದನ್ನು ನಿಲ್ಲಿಸಿದಳು. "ವಾರಿಜಕ್ಕಾ, ನೀನು ಹೋಗು" ಅಂದಳು. "ನಿನ್ನನ್ನೂ ಇಲ್ಲಿ ಉಳಿಸಿಕೊಂಡ್ರೆ ನಿನ್ನ ಮನೆಯವರು ಏನು ಮಾಡಬೇಕು? ನಂಗೆ ಅಲ್ಲಿ ಯಾರು ಕಾಯ್ತಾರೆ?"

ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. "ನಾನು ಕಾಯ್ತೇನೆ" ಎಂದು ಕಿರುಚಿದೆ. ಸುತ್ತಲಿನವರು ತಿರುಗಿ ನೋಡಿದರು. "ದಿನಾ ಬೆಳಿಗ್ಗೆ ಎಂಟು ಗಂಟೆಗೆ ಶಾಲೆಯ ಗೇಟಿನಲ್ಲಿ ನಿಂತು ನಾನು ಕಾಯುವುದು ಯಾರನ್ನು? ಟ್ಯಾಂಕಿಯ ನೀರನ್ನಾ? ನೀನಿಲ್ಲದೆ ಆ ಅಡುಗೆಮನೆಯಲ್ಲಿ ನಾನು ಎಂತ ಮಾಡುವುದು, ಹೇಳು." ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನಾನು ಅಳುವವಳಲ್ಲ, ಈರುಳ್ಳಿಗೂ ಅತ್ತವಳಲ್ಲ.

ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೂ ಬರಬೇಕು ಅಂತ ಉಂಟು ಅಕ್ಕಾ" ಅಂದಳು. "ಆದ್ರೆ ಸುಮ್ಮನೆ ಓಡಿ ಬರ್ಲಿಕ್ಕೆ ಮನಸ್ಸಿಲ್ಲ. ಹದಿನೆಂಟಾಯ್ತು ಅಂತ ಆಶ್ರಮದಿಂದ ಟ್ರಂಕು ಹಿಡ್ಕೊಂಡು ಹೊರಗೆ ಬಂದೆ, ತಿರುಗಿ ನೋಡಿದ್ರೆ ಗೇಟು ಹಾಕಿ ಆಗಿತ್ತು. ಯಾರೂ ನನ್ನನ್ನು ಎಲ್ಲಿಂದಲೂ ಕಳಿಸಿಕೊಟ್ಟದ್ದಿಲ್ಲ. ಇವತ್ತು ಇಲ್ಲಿಂದ ಯಾರಾದ್ರೂ ಕಳಿಸಿಕೊಟ್ರೆ ಬರ್ತೇನೆ."

ದುಗ್ಗಮ್ಮ ಅದುವರೆಗೆ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದರು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಮನೆಮಗಳು ಬಾಗಿಲು ದಾಟುವುದಿಲ್ಲ ಅಂತ ಯಾರು ಹೇಳಿದ್ದು? ಮದುವೆ ಮಾಡಿ ಕೊಟ್ರೆ ದಾಟಲೇಬೇಕಲ್ಲ. ಕೊಟ್ಟ ಹೆಣ್ಣು ನೆಂಟಳೇ. ಗಂಡಿನ ಕಡೆಯವರು ಇಲ್ಲೇ ನಿಂತಿದ್ದಾರೆ." ಎಲ್ಲರೂ ನನ್ನನ್ನು ನೋಡಿದರು. ಆಗ ನನಗೆ ನೆನಪಾಯಿತು, ನಾನು ಬೀಗಿತ್ತಿ.

"ಗಂಡು ಎಲ್ಲಿ?" ಎಂದು ನರಹರಿ ಕೇಳಿದ. ಯಜಮಾನರು ಕನ್ನಡಕ ತೆಗೆದು ಒರೆಸಿ, "ಬಾಗಿಲು ಗಂಡನ್ನು ಕೇಳುವುದಿಲ್ಲ. ಹೆಣ್ಣನ್ನು ಯಾರ ಕೈಗೆ ಒಪ್ಪಿಸಿದ್ರು ಅಂತ ಮಾತ್ರ ಕೇಳ್ತದೆ" ಅಂದರು. ಲೋಲಾಕ್ಷಿ ಕೂತಲ್ಲಿಂದ ಎದ್ದಳು. "ಕಣ್ಣಿಗೇ ಕಾಣದ ಗಂಡನಾ? ಹಾಗಾದ್ರೆ ನಂಗೆ ಒಪ್ಪಿಗೆ ಉಂಟು" ಅಂದಳು. ಮತ್ತೆ ಶುರುವಾಯಿತು ಸೀಟಿ, ಒಂದು, ಎರಡು, ಮೂರು.

ಆಮೇಲಿನ ಕಾಲು ಗಂಟೆಯಲ್ಲಿ ಆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಂಗಳಾ ಮನೆಗೆ ಓಡಿ ತನ್ನ ಹಸಿರು ಸೀರೆ ತಂದು, ಉಟ್ಟ ಸೀರೆಯ ಮೇಲೆಯೇ ಅವಳಿಗೆ ಸುತ್ತಿದಳು. ಬೈಕಿನ ಅಳಿಯಂದಿರು ಎಚ್ಚರವಾಗಿ ಬಂದು, ಅವರ ಅತ್ತೆಯ ಅಂಗಳದ ಸೇವಂತಿಗೆಯನ್ನೆಲ್ಲ ಬೋಳಿಸಿ ತಂದರು. ಮೀಸೆಯ ಬಾಣಂತಿ ಕಂಬಳಿ ಹೊದ್ದುಕೊಂಡೇ ಬಂದು, ಮದುವೆಗೆ ಓಲಗ ಬೇಡವಾ ಎಂದು ಬಾಯಿಯಲ್ಲೇ ಊದಲು ನಿಂತರು, ಮುದುಕಿಯರು, "ಗಾಳಿ ಗಾಳಿ" ಎಂದು ಹಿಂದಿನಿಂದ ಓಡಿ ಬಂದರು. ಹೊರಗೆ ಐರಿನ್ ಬಾಯಿ ಏನಾಗುತ್ತಿದೆ ಎಂದು ತಿಳಿಯದೆ ಬಸ್ಸಿನ ಬಾಗಿಲಿಗೆ ಅಡ್ಡ ನಿಂತು, "ನಾನು ಮುನಿಸಿಕೊಂಡವಳು! ನನ್ನನ್ನು ದಾಟಿ ಬಸ್ಸು ತೆಗೀರಿ ನೋಡುವ" ಎಂದು ಡ್ರೈವರನ್ನು ಗದರಿಸುತ್ತಿದ್ದರು. ತೋಪಿನವನು ಒರೆಸಿದ್ದನ್ನೇ ಒರೆಸುತ್ತಾ, ಇನ್ನೂ ಒಂದು ಕಲೆ ಉಂಟು ಎಂದು ಮೇಲಿನಿಂದ ಹೇಳಿದ.

ದುಗ್ಗಮ್ಮ ಲೋಲಾಕ್ಷಿಯ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ರವಿಕೆ ಕಣ ತುಂಬಿದರು. ಅದುವರೆಗೆ ಅವಳು ನಗುತ್ತಲೇ ಇದ್ದಳು. ಅವಳ ಕೈಯನ್ನು ತೆಗೆದು ನನ್ನ ಕೈಯ ಮೇಲಿಟ್ಟು, ಚೊಂಬಿನಿಂದ ನೀರು ಬಿಡುತ್ತಾ ದುಗ್ಗಮ್ಮ, "ಬೀಗಿತ್ತಿಯವರೇ, ಇವಳು ನಮ್ಮ ಮನೆಯಲ್ಲಿ ಬಾಯಿ ಜೋರು ಮಾಡಿಕೊಂಡು ಬೆಳೆದವಳು. ತಪ್ಪು ಮಾಡಿದ್ರೆ ಬೈಯಿರಿ. ಆದರೆ ಉಪವಾಸ ಇರಿಸಬೇಡಿ. ಅವಳಿಗೆ ಹಿಂದೆ ಯಾರೂ ಇಲ್ಲ ಅಂತ ಮಾತ್ರ ಎಂದೂ ತಿಳಿಯಬೇಡಿ" ಅಂದರು. ಹೇಳುತ್ತಾ ಹೇಳುತ್ತಾ ಅವರಿಗೇ ಅಳು ಬಂತು. ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಬೆಳೆದ ಮಗಳು! ಆದರೆ ಅಲ್ಲಿ ಯಾರೂ ಲೆಕ್ಕ ಹಾಕಲಿಲ್ಲ. ನನಗೆ ಏನಾದರೂ ಚಂದದ ಮಾತು ಹೇಳಬೇಕೆಂದಿತ್ತು. ಬಾಯಿಗೆ ಬಂದದ್ದು, "ನಮ್ಮ ಮನೆಯಲ್ಲೂ ಅನ್ನಕ್ಕೆ ಕೊರತೆ ಇಲ್ಲ. ದಿನಾ ಇನ್ನೂರು ಮಂದಿ ಉಣ್ತಾರೆ" ಎಂದು ಮಾತ್ರ.

ದುಗ್ಗಮ್ಮ ಕೈ ಬಿಟ್ಟರು. "ಹೋಗಿ ಬಾ ಮಗಾ" ಅಂದರು.

ನಾನು ಲೋಲಾಕ್ಷಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಬಾಗಿಲಿಗೆ ನಡೆದೆ. ಹೊಸ್ತಿಲಿನ ಹತ್ತಿರ ಕಣ್ಣು ಮುಚ್ಚಿಕೊಂಡು ಕಾಲು ಎತ್ತಿಟ್ಟೆ. ಕಣ್ಣು ತೆರೆದರೆ ಎದುರಿಗೆ ಬಸ್ಸು, ಬಸ್ಸಿನ ಮೆಟ್ಟಿಲಲ್ಲಿ ಕೈ ಚಾಚಿ ನಿಂತ ಐರಿನ್ ಬಾಯಿ, ನನ್ನ ಕೈಯಲ್ಲಿ ಬೆವರಿದ ಒಂದು ಕೈ. ಹಿಂದೆ ತೋಪು ಹಾರಿತು. ಆ ಸದ್ದಿಗೆ ಲೋಲಾಕ್ಷಿ ತಿರುಗಿದಳು. ಬಾಗಿಲು ಇನ್ನೂ ತೆರೆದೇ ಇತ್ತು. ಒಳಗೆ ದುಗ್ಗಮ್ಮ, ನರಹರಿ, ಮಂಗಳಾ, ಹೊರಡಲು ಮನಸ್ಸಿಲ್ಲದೆ ಊರಿನವರೇ ಆಗಿಹೋದ ಕಂಬಳಿಯ ಬಾಣಂತಿ, ಎಲ್ಲ ಹಾಗೆಯೇ ನಿಂತು ಕೈ ಬೀಸುತ್ತಿದ್ದರು. ದುಗ್ಗಮ್ಮ ಮಾತ್ರ ಬೀಸುತ್ತಿರಲಿಲ್ಲ, ಮುಖಕ್ಕೆ ಸೆರಗು ಒತ್ತಿಕೊಂಡಿದ್ದರು. ಲೋಲಾಕ್ಷಿ ಅಳಲು ಶುರುಮಾಡಿದಳು. ಸಣ್ಣಗೆ ಅಲ್ಲ, ನಮ್ಮ ಕಡೆ ಮದುಮಕ್ಕಳು ಅಳುವ ಹಾಗೆ, ದೊಡ್ಡ ದನಿ ತೆಗೆದು, ಮೂಗು ಒರೆಸಲೂ ಬಿಡುವಿಲ್ಲದೆ.

ಅವಳನ್ನು ಹತ್ತಿಸಿಕೊಂಡು ಬಸ್ಸು ಹೊರಟಿತು. ಅಳು ನಿಲ್ಲಲಿಲ್ಲ. ಐರಿನ್ ಬಾಯಿ ನೀರು ಕೊಟ್ಟರು, ನಾನು ಬೆನ್ನು ಸವರಿದೆ. ಕಂಡಕ್ಟರ್ ಟಿಕೆಟು ಕೊಡುತ್ತಾ ಬಂದವನು, ಎರಡು ಜಡೆ, ಎರಡು ಸೀರೆ, ಮಡಿಲು ತುಂಬ ಅಕ್ಕಿ ಇಟ್ಟುಕೊಂಡು ಅಳುತ್ತಿದ್ದ ಈ ದೊಡ್ಡ ಹೆಂಗಸನ್ನು ನೋಡಿ ಹೆದರಿದ. "ಎಂತಾಯ್ತು ಅಮ್ಮಾ? ಯಾರಾದ್ರೂ ತೀರಿಕೊಂಡ್ರಾ?"

ಲೋಲಾಕ್ಷಿ ಕೆಂಪು ಕಣ್ಣು ಎತ್ತಿ ಅವನನ್ನು ನೋಡಿದಳು. ಇಂಥ ದಡ್ಡ ಪ್ರಶ್ನೆಯನ್ನು ಹುಟ್ಟಿದ ಮೇಲೆ ಕೇಳಿಲ್ಲ ಎಂಬ ಹಾಗೆ.

"ತವರಿಂದ ಹೊರಟದ್ದು ಮಾರಾಯ್ರೆ" ಅಂದಳು. "ಅಳುವುದು ಬೇಡ್ವಾ?"

ಕಂಡಕ್ಟರ್, "ಹಾಗಾದ್ರೆ ಅಳಿ ಅಳಿ" ಎಂದು, ಕಿಟಕಿಯ ಪಕ್ಕ ಕೂತಿದ್ದವರನ್ನು ಎಬ್ಬಿಸಿ ಅವಳಿಗೆ ಜಾಗ ಮಾಡಿಕೊಟ್ಟ.